ಹಟ್ಟಿಯ ನೊಣಕ್ಕೆ ಔಷಧಿ ಯಾಕೆ ನಾಟುವುದಿಲ್ಲ?

“ಹಿಂದೆ ಇದೇ ಔಷಧಿ ಹೊಡೆದರೆ ನೊಣಗಳು ಉದುರಿ ಬೀಳುತ್ತಿದ್ದವು. ಈಗ ಎದ್ದು ಒಂದು ಸುತ್ತು ಹಾರಿ ಪುನಃ ದನದ ಮೈಮೇಲೆಯೇ ಬಂದು ಕೂರುತ್ತವೆ. ಔಷಧಿಯೇ ಕಳಪೆಯೋ ಹೇಗೆ?” ಮಳೆಗಾಲ ಹಿಡಿದ ಮೇಲೆ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಒಬ್ಬರಾದರೂ ಈ ಮಾತನ್ನು ಹೇಳದ ವಾರವಿಲ್ಲ. ಕಳಪೆ ಔಷಧಿ ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಬದಲಾದದ್ದು ಡಬ್ಬಿಯೊಳಗಿನ ಔಷಧಿಯಲ್ಲ, ಹಟ್ಟಿಯೊಳಗಿನ ನೊಣ. ಈ ಬದಲಾವಣೆ ಹೇಗೆ ಆಗುತ್ತದೆ, ಅದಕ್ಕೆ ನಾವು ಮಾಡಬೇಕಾದುದೇನು ಎಂಬುದನ್ನು ಬೆಳೆಗಾರ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಅಡಿಕೆ, ಕಾಫಿಯ ಪತ್ರಿಕೆಯಲ್ಲಿ ನೊಣದ ಪುರಾಣ ಯಾಕೆ ಎಂದು ಕೇಳುವವರಿರಬಹುದು. ನಮ್ಮಲ್ಲಿ ಎರಡು ಮೂರು ಎಕರೆ ತೋಟದವರೇ ಹೆಚ್ಚು. ಅವರಿಗೆ ಹಟ್ಟಿಯೆಂದರೆ ಹಾಲಿನ ಲೆಕ್ಕ ಮಾತ್ರವಲ್ಲ, ತೋಟದ ಗೊಬ್ಬರದ ಕಣಜ. ಹಟ್ಟಿ ಬರಿದಾದರೆ ಅಡಿಕೆಯ ಬುಡವೂ ಬರಿದಾಗುತ್ತದೆ. ಗೊಬ್ಬರ ಕೊಡುವ ಅದೇ ಸೊಪ್ಪು, ಸಗಣಿ, ಗಂಜಲವೇ ನೊಣಕ್ಕೂ ತೊಟ್ಟಿಲು. ಆದುದರಿಂದ ಇದು ನಮ್ಮದೇ ವಿಷಯ.

ನೊಣವೆಲ್ಲ ಒಂದೇ ಅಲ್ಲ

ಹಟ್ಟಿಯಲ್ಲಿ ಹಾರುವುದನ್ನೆಲ್ಲ ನೊಣ ಎಂದು ಕರೆದುಬಿಡುತ್ತೇವೆ. ಔಷಧಿ ವ್ಯರ್ಥವಾಗುವುದಕ್ಕೆ ಮೊದಲ ಕಾರಣವೇ ಇದು.

ಮನೆನೊಣ ಕಚ್ಚುವುದಿಲ್ಲ. ಕಣ್ಣು, ಮೂಗು, ಗಾಯಗಳ ದ್ರವ ಹೀರುತ್ತದೆ, ರೋಗಾಣುಗಳನ್ನು ಕಾಲಿಗೆ ಅಂಟಿಸಿಕೊಂಡು ಅಡುಗೆಮನೆಗೂ ತರುತ್ತದೆ. ಹೆಣ್ಣು ಒಂದು ಸಲಕ್ಕೆ ನೂರು ನೂರೈವತ್ತು ಮೊಟ್ಟೆ ಇಡುತ್ತದೆ. ನಮ್ಮ ಸೆಕೆಯಲ್ಲಿ ಮೊಟ್ಟೆ ನೊಣವಾಗಲು ಏಳರಿಂದ ಹತ್ತು ದಿನ ಸಾಕು.

ಎರಡನೆಯದು ಕಚ್ಚುವ ಹಟ್ಟಿನೊಣ. ನೋಡಲು ಮನೆನೊಣದಂತೆಯೇ ಇದ್ದರೂ ಮುಂದಕ್ಕೆ ಚಾಚಿದ ಸೂಜಿಯಂಥ ಬಾಯಿ ಇದೆ. ಹೆಚ್ಚಾಗಿ ಕಾಲಿಗೆ ಕಚ್ಚುತ್ತದೆ. ದನ ನಿಂತಲ್ಲೇ ಕಾಲು ಝಾಡಿಸುತ್ತಿದ್ದರೆ ಇದೇ ಎಂದು ತಿಳಿಯಬಹುದು. ದಿನಕ್ಕೆ ಒಂದೆರಡು ಸಲ ರಕ್ತ ಕುಡಿದು, ಉಳಿದ ಹೊತ್ತು ಗೋಡೆ, ಕಂಬ, ಬೇಲಿಗಳ ಮೇಲೆ ಕುಳಿತು ಅರಗಿಸಿಕೊಳ್ಳುತ್ತದೆ. ದನದ ಬೆನ್ನಿಗೆ ಔಷಧಿ ಹೊಡೆದರೆ ಇದಕ್ಕೆ ತಗಲುವುದು ಅಷ್ಟಕ್ಕಷ್ಟೆ. ಗಂಜಲದಲ್ಲಿ ನೆನೆದ ಬೈಹುಲ್ಲು, ಕೊಳೆತ ಸೊಪ್ಪು, ಸಗಣಿ ಬೆರೆತ ಕಸ ಇದರ ತವರು.

ಮೂರನೆಯದು ಎಮ್ಮೆನೊಣ. ಹಟ್ಟಿನೊಣಕ್ಕಿಂತ ಸಣ್ಣದು. ಹಗಲೂ ರಾತ್ರಿಯೂ ದನ, ಎಮ್ಮೆಯ ಮೈಮೇಲೆಯೇ ಇದ್ದು ಮತ್ತೆ ಮತ್ತೆ ರಕ್ತ ಹೀರುತ್ತದೆ. ಸಗಣಿ ಬಿದ್ದೊಡನೆ ಇಳಿದು ಅದರಲ್ಲಿ ಮೊಟ್ಟೆಯಿಟ್ಟು ಪುನಃ ಮೈಗೇರುತ್ತದೆ. ಇವಲ್ಲದೆ ಕಾಡಂಚಿನಲ್ಲಿ ಮೇಯುವ ದನಗಳಿಗೆ ಕಾಟ ಕೊಡುವ ದೊಡ್ಡ ಕಚ್ಚುನೊಣ, ಸಂಜೆಯ ನುಸಿ, ಸೊಳ್ಳೆ ಇವೆ. ಉಣುಗು ನೊಣದ ಜಾತಿಯಲ್ಲ, ಜೇಡದ ಬಳಗ. ಆದರೂ ಔಷಧಿಯ ವಿಚಾರದಲ್ಲಿ ನೊಣ ಮತ್ತು ಉಣುಗಿನ ಕಥೆ ಒಂದೇ ಆದ್ದರಿಂದ ಅದನ್ನೂ ಇಲ್ಲಿ ಸೇರಿಸಿಕೊಂಡಿದ್ದೇನೆ.

ನಷ್ಟ ಎಷ್ಟು ಬಗೆ?

ಕಚ್ಚಿಸಿಕೊಂಡ ದನ ಮೇವು ಬಿಡುತ್ತದೆ, ಮಲಗಿ ಮೆಲುಕು ಹಾಕುವುದಿಲ್ಲ, ಹಾಲು ಇಳಿಯುತ್ತದೆ. ಇದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ರೋಗದ್ದು. ಕುದುರೆ, ಒಂಟೆ, ದನ, ಎಮ್ಮೆಗಳಿಗೆ ಬರುವ ಸರ್ರಾ ರೋಗದ ಜೀವಿಯನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಅಂದಿನ ಅವಿಭಕ್ತ ಭಾರತದ ಡೇರಾ ಇಸ್ಮಾಯಿಲ್ ಖಾನಿನಲ್ಲಿ ಕಂಡುಹಿಡಿದರು. ಅದನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುವುದು ಕಚ್ಚುನೊಣದ ಬಾಯಿ.

ಇತ್ತೀಚಿನ ಉದಾಹರಣೆ ಚರ್ಮಗಂಟು ರೋಗ. 1929ರಲ್ಲಿ ಆಫ್ರಿಕದ ಈಗಿನ ಜಾಂಬಿಯಾದಲ್ಲಿ ಮೊದಲು ಕಂಡ ಈ ರೋಗ 2019ರಲ್ಲಿ ಒಡಿಶಾದ ಮೂಲಕ ನಮ್ಮ ದೇಶ ಪ್ರವೇಶಿಸಿತು. 2022ರಲ್ಲಿ ಕರ್ನಾಟಕವೂ ಸೇರಿ ದೇಶದ ಹಲವೆಡೆ ದನಗಳನ್ನು ಬಲಿ ತೆಗೆದುಕೊಂಡಿತು. ರೋಗದ ದನವನ್ನು ಕಚ್ಚಿದ ಹಟ್ಟಿನೊಣ, ಸೊಳ್ಳೆ, ಉಣುಗುಗಳು ವೈರಸನ್ನು ಹೊತ್ತೊಯ್ಯುತ್ತವೆ. ಇದು ಮನುಷ್ಯರಿಗೆ ಬರುವುದಿಲ್ಲ. ಇದಕ್ಕೆ ರಕ್ಷೆ ಲಸಿಕೆ. ನೊಣದ ಔಷಧಿ ಲಸಿಕೆಗೆ ಬದಲಿಯಲ್ಲ. ಆದರೂ ಆ ವರ್ಷ ಭಯದಿಂದ ಎಲ್ಲರೂ ಕೈಗೆ ಸಿಕ್ಕಿದ ಔಷಧಿಯನ್ನು ವಾರವಾರವೂ ಹೊಡೆದದ್ದನ್ನು ನಾವು ಕಂಡಿದ್ದೇವೆ. ಅಂಥ ಹೊಡೆತವೇ ಮುಂದಿನ ತೊಂದರೆಗೆ ಬೀಜ.

ನೊಣ ‘ಅಭ್ಯಾಸ’ ಮಾಡಿಕೊಳ್ಳುವುದಿಲ್ಲ

ಔಷಧಿ ತಿಂದು ತಿಂದು ನೊಣಕ್ಕೆ ಅಭ್ಯಾಸವಾಗಿದೆ ಎಂದು ನಾವು ಹೇಳುವುದುಂಟು. ಇದು ಸರಿಯಲ್ಲ. ಯಾವ ನೊಣವೂ ತನ್ನ ಆಯುಷ್ಯದಲ್ಲಿ ವಿಷವನ್ನು ರೂಢಿ ಮಾಡಿಕೊಳ್ಳುವುದಿಲ್ಲ. ನಡೆಯುವುದು ಬೇರೆ.

ಲೆಕ್ಕಕ್ಕೆಂದು ಒಂದು ಹಟ್ಟಿಯಲ್ಲಿ 10,000 ನೊಣಗಳಿವೆ ಎಂದುಕೊಳ್ಳೋಣ. ಅವುಗಳಲ್ಲಿ 10 ನೊಣಗಳಿಗೆ ಹುಟ್ಟಿನಿಂದಲೇ ಆ ಔಷಧಿ ತಟ್ಟದ ಗುಣವಿದೆ. ನಾವು ಔಷಧಿ ಹೊಡೆದೆವು. 9,990 ಸತ್ತವು. ಹಟ್ಟಿ ಶುಚಿಯಾಯಿತೆಂದು ಸಂತೋಷಪಟ್ಟೆವು. ಉಳಿದ ಹತ್ತರಲ್ಲಿ ಐದು ಹೆಣ್ಣು. ಒಂದೊಂದರಿಂದ 40 ಮರಿಗಳು ಉಳಿದರೂ ಮುಂದಿನ ತಲೆಮಾರಿಗೆ 200, ಅದರ ಮುಂದಿನದಕ್ಕೆ 4,000. ಇಷ್ಟಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು. ಈ ನಾಲ್ಕು ಸಾವಿರವೂ ಔಷಧಿಗೆ ಜಗ್ಗದ ಹತ್ತು ನೊಣಗಳ ಸಂತಾನ. ಪುನಃ ಅದೇ ಔಷಧಿ ಹೊಡೆದರೆ ಏನಾಗಬಹುದೆಂದು ಬೇರೆ ಹೇಳಬೇಕಾಗಿಲ್ಲ. ತಳಿ ಆಯ್ಕೆಗೆ ನಾವು ಒಳ್ಳೆಯ ತಾಯಿಮರದ ಅಡಿಕೆಯನ್ನೇ ಬೀಜಕ್ಕೆ ಇಟ್ಟ ಹಾಗೆ, ಗಟ್ಟಿ ನೊಣವನ್ನೇ ನಾವು ಬೀಜಕ್ಕೆ ಇಟ್ಟುಕೊಂಡಂತಾಯಿತು.

ವಾಸ್ತವದಲ್ಲಿ ಇಷ್ಟು ಬೇಗ ಆಗುವುದಿಲ್ಲ. ಔಷಧಿ ಹೊಡೆಯದ ನೆರೆಯ ಹಟ್ಟಿಯಿಂದ ಸಾಧು ನೊಣಗಳು ಬಂದು ಇವುಗಳೊಂದಿಗೆ ಕೂಡುತ್ತವೆ, ಗಟ್ಟಿಗುಣ ತೆಳುವಾಗುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಡಿಡಿಟಿ ಬಿಟ್ಟುಹೋದ ಉಯಿಲು

ಕೀಟನಾಶಕಕ್ಕೆ ಕೀಟ ಜಗ್ಗದಿರುವುದು ಹೊಸದಲ್ಲ. ಅಮೆರಿಕದ ಮೆಲಾಂಡರ್ ಎಂಬ ವಿಜ್ಞಾನಿ 1914ರಲ್ಲೇ ಹಣ್ಣಿನ ತೋಟದ ಶಲ್ಕಕೀಟ ಸುಣ್ಣ-ಗಂಧಕದ ದ್ರಾವಣಕ್ಕೆ ಸಾಯುತ್ತಿಲ್ಲವೆಂದು ಬರೆದಿದ್ದರು. ಆದರೆ ಜಗತ್ತಿನ ಕಣ್ಣು ತೆರೆಸಿದ್ದು ಡಿಡಿಟಿ. ಅದಕ್ಕೆ ಕೀಟ ಕೊಲ್ಲುವ ಶಕ್ತಿಯಿದೆಯೆಂದು 1939ರಲ್ಲಿ ಕಂಡುಕೊಂಡ ಸ್ವಿಜರ್‌ಲ್ಯಾಂಡಿನ ಪಾಲ್ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಪಾರಿತೋಷಕ ಕೈಸೇರುವ ಮೊದಲೇ, 1946-47ರ ಹೊತ್ತಿಗೆ, ಸ್ವೀಡನ್, ಇಟಲಿಗಳಲ್ಲಿ ಮನೆನೊಣ ಡಿಡಿಟಿಗೆ ಸಾಯುವುದನ್ನು ನಿಲ್ಲಿಸಿತ್ತು.

1951ರಲ್ಲಿ ಬಸ್ವೈನ್ ಎಂಬ ಇಂಗ್ಲಿಷ್ ಕೀಟವಿಜ್ಞಾನಿ ಇಟಲಿಯ ನೊಣಗಳಲ್ಲಿ ಒಂದು ವಿಶೇಷ ಗಮನಿಸಿದರು. ಅವು ಡಿಡಿಟಿಗೆ ಮಾತ್ರವಲ್ಲ, ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಪೈರೆಥ್ರಮ್ ಎಂಬ ಔಷಧಿಗೂ ಕೆಳಗೆ ಬೀಳುತ್ತಿರಲಿಲ್ಲ. ಆಗ ಅದರ ಮಹತ್ವ ಹೆಚ್ಚಿನವರಿಗೆ ತಿಳಿಯಲಿಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಮೈಕೆಲ್ ಎಲಿಯಟ್ ಮತ್ತು ಸಂಗಡಿಗರು ಆ ಹೂವಿನ ಔಷಧಿಯನ್ನೇ ಅನುಕರಿಸಿ ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ಗಳನ್ನು ತಯಾರಿಸಿದರು. ಇಂದು ನಮ್ಮ ಹಟ್ಟಿಗೆ ಬರುವ ಔಷಧಿಗಳಲ್ಲಿ ಬಹುಪಾಲು ಈ ಬಳಗದ್ದೇ.

ಇವು ಕೆಲಸ ಮಾಡುವುದು ನೊಣದ ನರದಲ್ಲಿ. ನರದ ಪೊರೆಯಲ್ಲಿ ಉಪ್ಪಿನ ಅಂಶವಾದ ಸೋಡಿಯಂ ಒಳಬರುವ ಬಾಗಿಲುಗಳಿವೆ. ಸಂದೇಶ ಹೋಗುವಾಗ ಬಾಗಿಲು ಕ್ಷಣಮಾತ್ರ ತೆರೆದು ಮುಚ್ಚುತ್ತದೆ. ಔಷಧಿ ಈ ಬಾಗಿಲಿಗೆ ಬೆಣೆಯಂತೆ ಸಿಕ್ಕಿಕೊಂಡು ಮುಚ್ಚದಂತೆ ತಡೆಯುತ್ತದೆ. ನರ ಬಡಬಡಿಸುತ್ತಲೇ ಇರುತ್ತದೆ, ನೊಣ ನಡುಗಿ ಬಿದ್ದು ಸಾಯುತ್ತದೆ. ಡಿಡಿಟಿಯೂ ಹೊಡೆಯುವುದು ಈ ಬಾಗಿಲಿಗೇ. ಬಾಗಿಲಿನ ಚೌಕಟ್ಟಿನಲ್ಲಿ ಒಂದು ಸಣ್ಣ ಬದಲಾವಣೆಯಿದ್ದರೆ ಬೆಣೆ ಕೂರುವುದಿಲ್ಲ. 1996ರಲ್ಲಿ ರಾಥಮ್‌ಸ್ಟೆಡ್‌ನ ವಿಜ್ಞಾನಿಗಳು ಮನೆನೊಣದಲ್ಲಿ ಆ ಬದಲಾವಣೆ ಎಲ್ಲಿದೆಯೆಂದು ಗುರುತಿಸಿದರು. ಸಾವಿರಾರು ಕೊಂಡಿಗಳ ಸರಪಣಿಯಲ್ಲಿ ಒಂದೇ ಒಂದು ಕೊಂಡಿ ಬದಲಾಗಿತ್ತು. ಡಿಡಿಟಿಯನ್ನು ಗೆದ್ದ ನೊಣಕ್ಕೆ ಅಜ್ಜನ ಉಯಿಲಿನಂತೆ ಹೊಸ ಔಷಧಿಯನ್ನು ಗೆಲ್ಲುವ ಶಕ್ತಿಯೂ ಬಂದದ್ದು ಹೀಗೆ.

ಇದು ಒಂದು ದಾರಿ. ಇನ್ನೊಂದು ದಾರಿ, ವಿಷ ನರವನ್ನು ಮುಟ್ಟುವ ಮೊದಲೇ ದೇಹದ ಕಿಣ್ವಗಳು ಅದನ್ನು ಒಡೆದುಹಾಕುವುದು. ಎರಡೂ ಗುಣ ಒಂದೇ ನೊಣದಲ್ಲಿ ಕೂಡಿದರೆ ಔಷಧಿಯ ಪಾಡು ಕೇಳಬೇಕಾಗಿಲ್ಲ.

ಬೋರ್ಡೋ ಯಾಕೆ ಸೋಲಲಿಲ್ಲ?

ಹಾಗಾದರೆ ಕೊಳೆರೋಗಕ್ಕೆ ನಮ್ಮ ಅಜ್ಜಂದಿರು ಹೊಡೆದ ಬೋರ್ಡೋ ದ್ರಾವಣ ಈಗಲೂ ಹೇಗೆ ನಾಟುತ್ತದೆ ಎಂಬ ಪ್ರಶ್ನೆ ಬರುವುದು ಸಹಜ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದರು. ಅಂದಿನಿಂದ ನೂರು ವರ್ಷ ಮೀರಿದರೂ ಮೈಲುತುತ್ತಕ್ಕೆ ನಾವು ಶರಣು. ಕಾರಣ, ತಾಮ್ರ ಶಿಲೀಂಧ್ರವನ್ನು ಒಂದು ಕಡೆ ಹೊಡೆಯುವುದಿಲ್ಲ, ಹತ್ತು ಕಡೆ ಹೊಡೆಯುತ್ತದೆ. ಹತ್ತೂ ಕಡೆ ಏಕಕಾಲಕ್ಕೆ ಬದಲಾಗುವುದು ಶಿಲೀಂಧ್ರಕ್ಕೆ ಸಾಧ್ಯವಿಲ್ಲದ ಮಾತು. ಇದಕ್ಕೆ ಪ್ರತಿಯಾಗಿ, ಒಂದೇ ಕಡೆ ಹೊಡೆಯುವ ಮೆಟಲಾಕ್ಸಿಲ್ ಎಂಬ ಶಿಲೀಂಧ್ರನಾಶಕ 1977ರ ಸುಮಾರಿಗೆ ಬಂದು, 1980ರಲ್ಲೇ ಯುರೋಪಿನ ಆಲೂಗಡ್ಡೆ ಹೊಲಗಳಲ್ಲಿ ಸೋತಿತು. ನೊಣದ ಔಷಧಿಗಳು ಈ ಎರಡನೆಯ ಜಾತಿಯವು. ಒಂದೇ ಬಾಗಿಲು, ಒಂದೇ ಬೆಣೆ.

ಅಮೆರಿಕದ ಕಿವಿಪಟ್ಟಿ, ನಮ್ಮ ಉಣುಗು

ಅಮೆರಿಕದಲ್ಲಿ ಎಮ್ಮೆನೊಣದ ಸೋದರನಾದ ಕೊಂಬುನೊಣ ದನಗಾರರ ದೊಡ್ಡ ಶತ್ರು. 1980ರ ಸುಮಾರಿಗೆ ಪೈರೆಥ್ರಾಯ್ಡ್ ಔಷಧಿ ತುಂಬಿದ ಪ್ಲಾಸ್ಟಿಕ್ ಕಿವಿಪಟ್ಟಿ ಬಂದಿತು. ಕಿವಿಗೆ ಒಮ್ಮೆ ಸಿಕ್ಕಿಸಿದರೆ ತಿಂಗಳುಗಟ್ಟಲೆ ಔಷಧಿ ಒಸರುತ್ತದೆ, ಕೆಲಸವೇ ಇಲ್ಲ. ಎಲ್ಲರೂ ಎಲ್ಲ ದನಕ್ಕೂ ಕಟ್ಟಿದರು. ಕೆಲವೇ ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಪಟ್ಟಿ ಕಟ್ಟಿದ ದನದ ಮೇಲೆಯೇ ನೊಣಗಳು ಮುತ್ತತೊಡಗಿದವು. ಕಾರಣ ಎರಡು. ಸಾಧು ನೊಣ ಉಳಿಯಲು ಪಟ್ಟಿಯಿಲ್ಲದ ದನವೇ ಇರಲಿಲ್ಲ. ಋತುವಿನ ಕೊನೆಗೆ ಔಷಧಿ ಕ್ಷೀಣಿಸಿ, ಅರೆಗಟ್ಟಿ ನೊಣಗಳೂ ಬದುಕಿ ಸಂತಾನ ಬೆಳೆಸಿದವು. ಆ ಬಳಿಕ, ಋತು ಮುಗಿದೊಡನೆ ಪಟ್ಟಿ ತೆಗೆಯಿರಿ, ವರ್ಷದಿಂದ ವರ್ಷಕ್ಕೆ ಔಷಧಿಯ ಬಳಗ ಬದಲಿಸಿ ಎಂದು ತಜ್ಞರು ಹೇಳತೊಡಗಿದರು.

ನಮ್ಮ ದೇಶದಲ್ಲಿ ಈ ವಿಚಾರದ ಸಂಶೋಧನೆ ಹೆಚ್ಚು ನಡೆದದ್ದು ಉಣುಗಿನ ಮೇಲೆ. ಬರೇಲಿ ಬಳಿಯ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯೂ ಇತರ ಸಂಸ್ಥೆಗಳೂ ಹಲವು ರಾಜ್ಯಗಳಿಂದ ದನದ ಉಣುಗು ತರಿಸಿ ಪರೀಕ್ಷಿಸಿ, ಪೈರೆಥ್ರಾಯ್ಡ್‌ಗೆ ಜಗ್ಗದಿರುವುದನ್ನು ತೋರಿಸಿವೆ. ಪರೀಕ್ಷೆ ಸರಳ. ಗೊತ್ತಾದ ಪ್ರಮಾಣದ ಔಷಧಿಯಲ್ಲಿ ಅದ್ದಿ ಒಣಗಿಸಿದ ಕಾಗದದ ಪೊಟ್ಟಣದೊಳಗೆ ಉಣುಗಿನ ಮರಿಗಳನ್ನು ಬಿಟ್ಟು, ಒಂದು ದಿನದ ನಂತರ ಸತ್ತದ್ದೆಷ್ಟು ಬದುಕಿದ್ದೆಷ್ಟು ಎಂದು ಎಣಿಸುವುದು. ಸಾಧು ಉಣುಗೆಲ್ಲ ಸಾಯುವ ಪ್ರಮಾಣದಲ್ಲಿ ಬದುಕಿ ಓಡಾಡುವುದು ಗಟ್ಟಿ ಉಣುಗು. ಊರ ಗಿಡ್ಡ ದನಗಳಿಗಿಂತ ಜರ್ಸಿ, ಎಚ್.ಎಫ್. ಮಿಶ್ರತಳಿಗಳಿಗೆ ಉಣುಗು ಹೆಚ್ಚು ಹತ್ತುತ್ತದೆ. ತಳಿ ಬದಲಾದ ಮೇಲೆ ಔಷಧಿಯ ಖರ್ಚೂ ಏರಿದ್ದಕ್ಕೆ ಇದೂ ಒಂದು ಕಾರಣ.

ಕಾಡಂಚಿನ ಸದಸ್ಯರಿಗೆ ಇನ್ನೊಂದು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟು, 1982-83ರಲ್ಲಿ ನಮ್ಮ ಬೆಳ್ತಂಗಡಿ ತಾಲೂಕನ್ನೂ ನಡುಗಿಸಿದ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಬೇರೆ ಜಾತಿಯ ಉಣುಗು. ಬೆಳೆದ ಉಣುಗುಗಳು ಮೇಯಲು ಹೋದ ದನದ ರಕ್ತವನ್ನೂ ಹೀರುತ್ತವೆ. ಹೀಗಾಗಿ ಉಣುಗಿನ ಔಷಧಿ ತನ್ನ ಶಕ್ತಿ ಕಳೆದುಕೊಂಡರೆ ನಷ್ಟ ದನಕ್ಕೆ ಮಾತ್ರ ಎಂದು ತಿಳಿಯಬಾರದು.

ಔಷಧಿಗೆ ಮೊದಲು ಮಾಡಬೇಕಾದುದು

ಹಾರುವ ನೊಣವನ್ನು ಬೆನ್ನಟ್ಟುವುದಕ್ಕಿಂತ ಹುಟ್ಟುವ ಹುಳುವನ್ನು ತಡೆಯುವುದು ಸುಲಭ. 1990ರ ಬಳಿಕ ಮಲೇರಿಯದಿಂದ ಬಳಲಿದ ಮಂಗಳೂರು ನಗರ ಕಲಿತದ್ದೂ ಇದನ್ನೇ. ಹೊಗೆಯಂತ್ರ ಎಷ್ಟು ತಿರುಗಿದರೂ, ತಾರಸಿಯ ಟಾಂಕಿ ಮುಚ್ಚದೆ, ಕಟ್ಟಡ ಕೆಲಸದ ಜಾಗದಲ್ಲಿ ನಿಂತ ನೀರು ಚೆಲ್ಲದೆ ಸೊಳ್ಳೆ ತಗ್ಗುವುದಿಲ್ಲ.

ಹಟ್ಟಿಯ ಲೆಕ್ಕ ಹೀಗೆ. ಮೊಟ್ಟೆ ನೊಣವಾಗಲು ಕಡಿಮೆಯೆಂದರೂ ಏಳು ದಿನ ಬೇಕು. ಆದ್ದರಿಂದ ಸಗಣಿ, ಒದ್ದೆ ಕಸ ಒಂದೇ ಕಡೆ ವಾರಕ್ಕಿಂತ ಹೆಚ್ಚು ಕಾಲ ತೆರೆದು ಬಿದ್ದಿರಬಾರದು. ವಾರಕ್ಕೆ ಎರಡು ಸಲ ಎತ್ತಿದರೆ ಉತ್ತಮ. ಸೊಪ್ಪಿನ ಹಟ್ಟಿಯಲ್ಲಿ ದನ ತುಳಿದು ಗಟ್ಟಿಯಾದ ನಡುಭಾಗಕ್ಕಿಂತ ತುಳಿಯದ ಮೂಲೆ, ಗೋಡೆಯ ಅಂಚು, ಮೇವಿನ ಬಾನಿಯ ಅಡಿಯಲ್ಲೇ ಹುಳು ಹೆಚ್ಚು. ಸೊಪ್ಪು ಹಾಕುವುದನ್ನು ಬಿಡಬೇಕೆಂದಲ್ಲ. ಆ ಅಂಚುಗಳನ್ನು ಗೋರಿ ನಡುವಿಗೆ ಎಳೆದು ಹಾಕಿ. ಗಂಜಲ ನಿಲ್ಲದಂತೆ ಓಣಿಗೆ ಇಳಿಜಾರು ಕೊಡಿ.

ಗೊಬ್ಬರದ ರಾಶಿಯನ್ನು ಗಟ್ಟಿಯಾಗಿ ಪೇರಿಸಿ ಕಪ್ಪು ಪ್ಲಾಸ್ಟಿಕ್ ಹೊದೆಸಿದರೆ ಒಳಗೆ ಕಾವು ಏರುತ್ತದೆ. 50 ಡಿಗ್ರಿ ದಾಟಿದಲ್ಲಿ ಹುಳು ಬದುಕದು. ಹೊರಪದರ ತಂಪಾಗಿರುವುದರಿಂದ ಆಗಾಗ ಮಗುಚಿ ಹೊರಗಿನದನ್ನು ಒಳಗೆ ಹಾಕಬೇಕು. ಗೋಬರ್ ಗ್ಯಾಸ್ ಇರುವವರು ದಿನದ ಸಗಣಿಯನ್ನು ಅಂದಂದೇ ತೊಟ್ಟಿಗೆ ಸೇರಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಕಾಫಿ ಪಲ್ಪಿಂಗ್ ಮಾಡುವವರು ಹಸಿ ಸಿಪ್ಪೆಯನ್ನು ಹಟ್ಟಿಯ ಪಕ್ಕದಲ್ಲಿ ರಾಶಿ ಹಾಕಬಾರದು. ಕೋಸ್ಟರಿಕಾದಲ್ಲಿ ಅನಾನಸು ತೋಟದ ಕೊಳೆತ ಕಸದಲ್ಲಿ ಹುಟ್ಟಿದ ಹಟ್ಟಿನೊಣ ಸುತ್ತಲಿನ ದನಗಾರರನ್ನು ಕಂಗಾಲು ಮಾಡಿದ್ದು ತೋಟಗಾರರಾದ ನಮಗೆ ಎಚ್ಚರಿಕೆ.

ಹಟ್ಟಿಗೆ ಫ್ಯಾನ್ ಹಾಕಿದರೆ ನುಸಿ, ಸೊಳ್ಳೆ, ನೊಣ ಮೂರಕ್ಕೂ ಕೂರಲು ಕಷ್ಟ. ಸಂಜೆ ಬಲೆ ಇಳಿಬಿಡುವುದೂ ಒಳ್ಳೆಯ ಉಪಾಯ. ಮೇಯುವ ಗುಡ್ಡದಲ್ಲಿ ಸಗಣಿದುಂಬಿಗಳು ನಮ್ಮ ನೆರವಿಗಿವೆ. ಆಸ್ಟ್ರೇಲಿಯದಲ್ಲಿ ದನದ ಸಗಣಿ ಒಡೆಯುವ ದುಂಬಿ ಇಲ್ಲದೆ ನೊಣ ವಿಪರೀತವಾದಾಗ, 1960ರ ದಶಕದಿಂದ ಜಾರ್ಜ್ ಬೋರ್ನೆಮಿಸ್ಸಾ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಹೊರದೇಶಗಳಿಂದ ದುಂಬಿ ತರಿಸಬೇಕಾಯಿತು. ನಮ್ಮಲ್ಲಿ ಅವು ಮೊದಲೇ ಇವೆ, ಕೊಲ್ಲದಿದ್ದರೆ ಸಾಕು. ಐವರ್‌ಮೆಕ್ಟಿನ್ ಚುಚ್ಚುಮದ್ದು ಕೊಟ್ಟ ದನದ ಸಗಣಿಯಲ್ಲಿ ಔಷಧಿಯ ಅಂಶ ಹೊರಬಂದು ದುಂಬಿಯ ಮರಿಗಳನ್ನೂ ಕೊಲ್ಲುತ್ತದೆ. ವೈದ್ಯರು ಹೇಳದೆ ಅದನ್ನು ಬಳಸಬೇಡಿ.

ಔಷಧಿ ಹೊಡೆಯುವುದೇ ಆದರೆ

1. ಹೆಸರು ಬದಲಿಸಿದರೆ ಔಷಧಿ ಬದಲಾಗುವುದಿಲ್ಲ. ಡಬ್ಬಿಯ ಮೇಲಿನ ದೊಡ್ಡ ಅಕ್ಷರವನ್ನಲ್ಲ, ಕೆಳಗಿನ ಸಣ್ಣ ಅಕ್ಷರವನ್ನು ಓದಿ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಫ್ಲುಮೆಥ್ರಿನ್ ಹೀಗೆ ‘ಥ್ರಿನ್’ ಎಂದು ಮುಗಿಯುವುದೆಲ್ಲ ಒಂದೇ ಬಳಗ. ಫೆನ್‌ವಲರೇಟ್ ಎಂಬುದೂ ಅದರ ದಾಯಾದಿ. ಅಮಿಟ್ರಾಜ್ ಬೇರೆ ಬಳಗ, ಆದರೆ ಅದು ಉಣುಗಿಗೆ, ನೊಣಕ್ಕಲ್ಲ. ಬಳಗ ಬದಲಿಸುವ ಬಗ್ಗೆ ಪಶುವೈದ್ಯರನ್ನು ಕೇಳಿ.

2. ಅಂದಾಜಿನ ಮುಚ್ಚಳ ಬೇಡ, ಮಿಲಿಲೀಟರ್ ಅಳತೆ ಇರಲಿ. ಉಳಿತಾಯಕ್ಕೆಂದು ನೀರು ಹೆಚ್ಚಿಸಿದರೆ ಅರೆಗಟ್ಟಿ ಕೀಟಗಳನ್ನು ನಾವೇ ಸಾಕಿದಂತೆ. ನಾಟುವುದಿಲ್ಲವೆಂದು ಪ್ರಮಾಣ ಹೆಚ್ಚಿಸುವುದೂ ತಪ್ಪು. ಗಟ್ಟಿ ನೊಣ ಉಳಿದು ದನಕ್ಕೇ ವಿಷವಾದೀತು.

3. ಬಾಧೆ ಇರುವ ದನಕ್ಕೆ ಮಾತ್ರ ಹೊಡೆಯಿರಿ. ಒಂದೇ ಹಟ್ಟಿಯಲ್ಲಿ ಉಣುಗಿನ ಬಹುಪಾಲು ಕೆಲವೇ ದನಗಳ ಮೇಲಿರುತ್ತದೆ. ಉಳಿದ ದನಗಳ ಮೇಲೆ ಸಾಧು ಕೀಟ ಸ್ವಲ್ಪ ಉಳಿದರೆ ಅದು ನಷ್ಟವಲ್ಲ, ಬಂಡವಾಳ.

4. ಕಾಫಿಯ ಕಾಂಡಕೊರಕಕ್ಕೋ ಕಾಳುಮೆಣಸಿಗೋ ತಂದ ಔಷಧಿಯನ್ನು ದನದ ಮೈಗೆ ಎಂದಿಗೂ ಮುಟ್ಟಿಸಬೇಡಿ. ಕ್ಲೋರ್‌ಪೈರಿಫಾಸ್‌ನಂಥ ವಿಷವನ್ನು ದನ ನೆಕ್ಕಿದರೆ ಜೊಲ್ಲು ಸುರಿಸಿ, ನಡುಗಿ, ಉಸಿರುಗಟ್ಟಿ ಬೀಳುತ್ತದೆ. ಕೂಡಲೇ ವೈದ್ಯರಿಗೆ ತಿಳಿಸಿ, ಡಬ್ಬಿಯನ್ನೂ ತೋರಿಸಿ.

5. ಔಷಧಿ ಹಾಕಿದ ಮೇಲೆ ಎಷ್ಟು ದಿನ ಹಾಲು ಡಿಪೋಗೆ ಕೊಡಬಾರದೆಂದು ಚೀಟಿಯಲ್ಲಿದ್ದರೆ ಅಷ್ಟು ದಿನ ಕೊಡಬೇಡಿ. ತೊಳೆದ ನೀರನ್ನು ತೋಡಿಗೆ ಬಿಡಬೇಡಿ. ಥ್ರಿನ್ ಬಳಗ ಮೀನಿಗೂ ಜೇನಿಗೂ ಕಡು ವಿಷ.

ಇದು ಒಬ್ಬನ ಕೆಲಸವಲ್ಲ

ಬೇಸಗೆಯಲ್ಲಿ ತೋಡಿಗೆ ಕಟ್ಟ ಹಾಕುವಾಗ ಮೇಲಿನವನೂ ಕೆಳಗಿನವನೂ ಸೇರುತ್ತಾರೆ. ನೀರು ಯಾರೊಬ್ಬನದೂ ಅಲ್ಲ, ನಿಂತರೆ ಎಲ್ಲರ ಬಾವಿಗೂ ಒಸರು. ಔಷಧಿಯ ಶಕ್ತಿಯೂ ಹಾಗೆಯೇ. ನೊಣಕ್ಕೆ ನಮ್ಮ ಬೇಲಿ ಗೊತ್ತಿಲ್ಲ. ನನ್ನ ಹಟ್ಟಿಯಲ್ಲಿ ಬೆಳೆದ ಗಟ್ಟಿ ನೊಣ ನಾಳೆ ನಿಮ್ಮ ಹಟ್ಟಿಯಲ್ಲಿ. ನಿಮ್ಮಲ್ಲಿ ಉಳಿದ ಸಾಧು ನೊಣ ನನ್ನ ಔಷಧಿಗೆ ಆಯುಷ್ಯ. ಒಬ್ಬೊಬ್ಬರೇ ಮಾರುತ್ತಾ ಹೋದರೆ ಅಡಿಕೆಗೆ ದರ ನಿಲ್ಲದೆಂದು ತಿಳಿದು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದ ಬೆಳೆಗಾರರು ನಾವು. ಇಲ್ಲಿಯೂ ಅದೇ ನ್ಯಾಯ.

ಆದುದರಿಂದ ಸದಸ್ಯರಲ್ಲಿ ಒಂದು ವಿನಂತಿ. ತಾವು ಬಳಸುತ್ತಿರುವ ಹಟ್ಟಿ ಔಷಧಿಯ ಖಾಲಿ ಡಬ್ಬಿಯ ಚೀಟಿಯನ್ನು, ಅದು ನಾಟಿತೋ ಇಲ್ಲವೋ ಎಂಬ ಒಂದು ಸಾಲಿನೊಂದಿಗೆ, ಮುಂದಿನ ಸಲ ಕಚೇರಿಗೆ ಬರುವಾಗ ತನ್ನಿ. ಯಾವ ಗ್ರಾಮದಲ್ಲಿ ಯಾವ ಬಳಗದ ಔಷಧಿ ಸೋಲುತ್ತಿದೆ ಎಂಬ ಪಟ್ಟಿ ಮಾಡಿ ಪಶುವೈದ್ಯರ ಮುಂದಿಟ್ಟರೆ, ನೆರೆಹೊರೆಯವರೆಲ್ಲ ಒಟ್ಟಾಗಿ ಬಳಗ ಬದಲಿಸುವ ಕ್ರಮವನ್ನು ಅವರಿಂದಲೇ ಕೇಳಿ ತಿಳಿಯಬಹುದು. ಅಲ್ಲಿಯವರೆಗೆ ಪಂಪಿಗಿಂತ ಮೊದಲು ಹಾರೆ, ಗೋರುಮಣೆ ಕೈಗೆ ಬರಲಿ.

– ಕಾರ್ಯದರ್ಶಿ